ಕಾಗದಕ್ಕೆ ಬಾರದ ಭೋಗ್ಯ: ನಮ್ಮ ಸೀಮೆಯ ಜಮೀನು, ಸಾಲ ಮತ್ತು ಕೊಂಡವರ ಪಾಡು

ಸ್ಕಂದಗಿರಿಯ ಬುಡದಿಂದ ಹಿಡಿದು ಗೌರಿಬಿದನೂರು, ಶಿಡ್ಲಘಟ್ಟ, ಚಿಂತಾಮಣಿಯ ಬಯಲಿನ ತನಕ ಜಮೀನು ಕೊಳ್ಳಲು ಹೊರಟವರು ಕೇಳುವ ಪ್ರಶ್ನೆ ಎರಡು. ಒಂದು, "ನೀರಿದೆಯಾ?" ಇನ್ನೊಂದು, "ಕಾಗದ ಸರಿಯಿದೆಯಾ?" ಮೊದಲನೆಯ ಪ್ರಶ್ನೆಗೆ ಬೋರ್‌ವೆಲ್ ಉತ್ತರ ಹೇಳುತ್ತದೆ. ಎರಡನೆಯದಕ್ಕೆ ಸಬ್ ರಿಜಿಸ್ಟ್ರಾರ್ ಕಚೇರಿ ಉತ್ತರ ಹೇಳುತ್ತದೆ ಅಂತ ನಾವೆಲ್ಲ ನಂಬಿದ್ದೇವೆ. ಆದರೆ ಆ ಕಚೇರಿಯ ಪುಸ್ತಕಕ್ಕೆ ಬಾರದೇ ಉಳಿದ ಸಾಲವೊಂದು ಹೊಲದ ಮೇಲೆ ಕೂತಿದ್ದರೆ? ಋಣಭಾರ ಪತ್ರದಲ್ಲಿ "ಏನೂ ಇಲ್ಲ" ಎಂದಿರುತ್ತದೆ. ಹೊಲಕ್ಕೆ ಹೋದರೆ ಬೇರೆ ಯಾರೋ ನೇಗಿಲು ಹೂಡಿರುತ್ತಾರೆ.

ನಮ್ಮ ಸಂಘದ ಬೆಳ್ಳಿಹಬ್ಬದ ಈ ಸಂಚಿಕೆಯಲ್ಲಿ ಸಂಘದ ಏಳುಬೀಳುಗಳನ್ನು ಬರೆಯಲು ಹಿರಿಯ ನಿರ್ದೇಶಕರಿದ್ದಾರೆ. ನಾನು ಇಲ್ಲಿ ಹೇಳಬೇಕೆಂದಿರುವುದು ಸಂಘ ಹುಟ್ಟುವುದಕ್ಕೂ ಬಹಳ ಹಿಂದಿನಿಂದ ನಡೆದುಬಂದ ಒಂದು ವ್ಯವಹಾರದ ಚರಿತ್ರೆ. ಅದೇ ಭೋಗ್ಯ, ಆಧಾರ, ಅಡಮಾನ. ಅದು ದಾಖಲಾಗದೆ ಉಳಿದಾಗ ಆಮೇಲೆ ಕೊಂಡವರಿಗೆ ಏನಾಯಿತು, ಏನಾಗುತ್ತದೆ ಎಂಬುದು ಲೇಖನದ ವಿಷಯ.

ಹಳೆಯ ಮಾತು, ಹಳೆಯ ನ್ಯಾಯ

ಭೋಗ್ಯ ಎಂದರೇನೆಂದು ನಮ್ಮ ಕಡೆ ಯಾರಿಗೂ ಹೇಳಿಕೊಡಬೇಕಾಗಿಲ್ಲ. ಮಗಳ ಮದುವೆಗೋ, ಎತ್ತಿಗೋ, ಬಾವಿ ತೋಡಿಸಲಿಕ್ಕೋ ಹಣ ಬೇಕು. ಹೊಲವನ್ನು ಸಾಲ ಕೊಟ್ಟವರ ವಶಕ್ಕೆ ಬಿಡುವುದು; ಅವರು ಬೆಳೆ ಬೆಳೆದು ತಿನ್ನುವುದು; ಬೆಳೆಯೇ ಬಡ್ಡಿ. ಅಸಲು ತೀರಿಸಿದ ದಿನ ಹೊಲ ವಾಪಸ್ಸು. ಪೇಟೆಯವರು ಇಂದಿಗೂ ಬಾಡಿಗೆ ಕೊಡದೆ ಒಂದು ಗಂಟು ಹಣ ಇಟ್ಟು ಮನೆ ಹಿಡಿಯುವುದಕ್ಕೆ "ಭೋಗ್ಯಕ್ಕೆ ಹಾಕಿಕೊಂಡಿದ್ದೀವಿ" ಅಂತಲೇ ಹೇಳುತ್ತಾರೆ.

ಈ ಪದ ಇಂದು ನಿನ್ನೆಯದಲ್ಲ. ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ (1076-1126) ಕಲ್ಯಾಣದಲ್ಲಿದ್ದ ವಿಜ್ಞಾನೇಶ್ವರರು ಯಾಜ್ಞವಲ್ಕ್ಯ ಸ್ಮೃತಿಗೆ 'ಮಿತಾಕ್ಷರಾ' ಎಂಬ ವ್ಯಾಖ್ಯಾನ ಬರೆದರು. ಇಂಡಿಯಾದ ಬಹುಭಾಗಕ್ಕೆ ಹಿಂದೂ ಧರ್ಮಶಾಸ್ತ್ರವಾಗಿ ನಡೆದದ್ದು ಈ ಕನ್ನಡ ನೆಲದ ಗ್ರಂಥವೇ. ಅಡವಿಗೆ ಅಲ್ಲಿ 'ಆಧಿ' ಎಂದು ಹೆಸರು. ಅನುಭವಿಸಲಿಕ್ಕೆ ಬಿಟ್ಟುಕೊಡುವುದು ಒಂದು ಬಗೆ, ಬರೀ ಭದ್ರತೆಗೆ ಇಡುವುದು ಇನ್ನೊಂದು ಬಗೆ. ಮೊದಲನೆಯದೇ ನಮ್ಮ ಭೋಗ್ಯ.

ಒಂದೇ ಹೊಲವನ್ನು ಇಬ್ಬರಿಗೆ ಕೊಟ್ಟರೆ ಯಾರು ಗೆಲ್ಲಬೇಕು? ಯಾಜ್ಞವಲ್ಕ್ಯರ ಉತ್ತರ ಸ್ಪಷ್ಟ. ಬೇರೆ ಹಣಕಾಸಿನ ತಕರಾರುಗಳಲ್ಲಿ ಆಮೇಲಿನ ವ್ಯವಹಾರಕ್ಕೆ ಬಲ. ಆದರೆ ಅಡವು, ದಾನ, ಕ್ರಯ ಈ ಮೂರರಲ್ಲಿ ಮೊದಲಿನದಕ್ಕೇ ಬಲ. ಜೊತೆಗೆ, ಅಡವು ಸಿದ್ಧಿಸುವುದು ವಸ್ತುವನ್ನು ಸ್ವೀಕರಿಸಿದಾಗ. ಅಂದರೆ ವಶವೇ ಅಂದಿನ ರಿಜಿಸ್ಟರ್. ಊರೆಂಬುದು ಚಿಕ್ಕದು, ಯಾರ ಹೊಲದಲ್ಲಿ ಯಾರ ಎತ್ತು ಅಂತ ದನ ಕಾಯುವ ಹುಡುಗನಿಗೂ ಗೊತ್ತು. ಕೊಳ್ಳುವವರೂ ಅದೇ ಊರಿನವರು ಅಥವಾ ಪಕ್ಕದ ಊರಿನವರು. ಗುಟ್ಟಿಗೆ ಜಾಗವೇ ಇರಲಿಲ್ಲ. ದೊಡ್ಡ ದಾನದತ್ತಿಗಳನ್ನಂತೂ ಎಲ್ಲರೂ ಕಾಣುವ ಹಾಗೆ ಕಲ್ಲಿನಲ್ಲೇ ಕೆತ್ತಿಸುತ್ತಿದ್ದರು. ಬಿ.ಎಲ್. ರೈಸ್ ಅವರು 1905ರಲ್ಲಿ ಪ್ರಕಟಿಸಿದ ಕೋಲಾರ ಜಿಲ್ಲೆಯ ಶಾಸನ ಸಂಪುಟದಲ್ಲಿ ನಮ್ಮ ತಾಲ್ಲೂಕುಗಳ ಇಂಥ ಕಲ್ಲುಗಳು ಸೇರಿವೆ.

ನೂರು ರೂಪಾಯಿಯ ಗೆರೆ

ಇಂಗ್ಲಿಷರ ಕಾಲದಲ್ಲಿ ವಶದ ಜಾಗಕ್ಕೆ ಪುಸ್ತಕ ಬಂತು. 1882ರ ಸ್ವತ್ತು ವರ್ಗಾವಣೆ ಕಾನೂನು ಮತ್ತು 1908ರ ನೋಂದಣಿ ಕಾನೂನು ಇವೆರಡೇ ಇಂದಿಗೂ ನಮ್ಮ ಜಮೀನು ವ್ಯವಹಾರದ ಎರಡು ಕಂಬಗಳು. ಮೊದಲಿನದರ 59ನೇ ಕಲಂ ಪ್ರಕಾರ 100 ರೂಪಾಯಿ ಅಥವಾ ಅದಕ್ಕೂ ಹೆಚ್ಚಿನ ಅಡಮಾನ ರಿಜಿಸ್ಟರ್ ಆಗಲೇಬೇಕು, ಕನಿಷ್ಠ ಇಬ್ಬರು ಸಾಕ್ಷಿಗಳು ರುಜು ಹಾಕಬೇಕು. ಹಕ್ಕುಪತ್ರಗಳನ್ನು ಒಪ್ಪಿಸಿ ಮಾಡುವ ಅಡಮಾನ ಮಾತ್ರ ಇದಕ್ಕೆ ಹೊರತು. ನೂರಕ್ಕೆ ಕಡಿಮೆಯಾದರೆ, ಹೊಲ ವಶಕ್ಕೆ ಬಿಟ್ಟುಕೊಟ್ಟರೆ ಸಾಕು, ಕಾಗದವೇ ಬೇಡ.

1882ರಲ್ಲಿ ನೂರು ರೂಪಾಯಿ ಅಂದರೆ ದೊಡ್ಡ ಗಂಟು. ಬಡವನ ಒಂದು ತುಂಡು ಹೊಲದ ಭೋಗ್ಯ ಅದರೊಳಗೇ ಮುಗಿಯುತ್ತಿತ್ತು, ಅದು ಕಾನೂನಿಗೂ ಸರಿಯಾಗಿತ್ತು. ಕಾಲ ಕಳೆದಂತೆ ಜಮೀನಿನ ಬೆಲೆ ನೂರರಿಂದ ಸಾವಿರಕ್ಕೆ, ಸಾವಿರದಿಂದ ಲಕ್ಷಕ್ಕೆ ಏರಿತು. ಕಾನೂನಿನ ಗೆರೆ ನೂರರಲ್ಲೇ ನಿಂತಿದೆ. ಆದರೆ ವಾಡಿಕೆ ಬದಲಾಗಲಿಲ್ಲ. "ನಮ್ಮಪ್ಪನ ಕಾಲದಲ್ಲೂ ಹಿಂಗೇ ಮಾಡ್ತಿದ್ರು" ಅಂತ ಲಕ್ಷಗಟ್ಟಲೆ ಹಣದ ಭೋಗ್ಯವನ್ನೂ ಒಂದು ಬಿಳಿ ಹಾಳೆಯ ಮೇಲೋ, ಛಾಪಾ ಕಾಗದದ ಮೇಲೋ ಬರೆದು, ಕಬ್ಬಿಣದ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿಬಿಡುತ್ತಾರೆ. ಛಾಪಾ ಕಾಗದದ ಮೇಲೆ ಬರೆದ ಮಾತ್ರಕ್ಕೆ ರಿಜಿಸ್ಟರ್ ಆದ ಹಾಗೆ ಅಲ್ಲ ಎಂಬುದನ್ನು ಇಂದಿಗೂ ಹಲವರು ಅರಿಯರು.

ಯಾಕೆ ರಿಜಿಸ್ಟರ್ ಮಾಡಿಸುವುದಿಲ್ಲ? ಕಾರಣಗಳು ಹಲವು. ಸ್ಟಾಂಪಿನ ಖರ್ಚು, ತಾಲ್ಲೂಕು ಕಚೇರಿಗೆ ತಿರುಗುವ ಕೆಲಸ. ಸಾಲ ಕೊಡುವವರಿಗೆ ಬಡ್ಡಿಯ ಲೆಕ್ಕ ಹೊರಗೆ ಬರುವುದು ಬೇಡ. ಎಲ್ಲಕ್ಕೂ ಮಿಗಿಲಾಗಿ ಮಾನ. "ಇಂಥವರ ಮಗ ಅಪ್ಪನ ಹೊಲ ಅಡ ಇಟ್ಟ" ಅಂತ ಸಬ್ ರಿಜಿಸ್ಟ್ರಾರ್ ಕಚೇರಿ ಮುಂದೆ ನಾಲ್ಕು ಜನ ನೋಡಬಾರದು. ಸಾಲವೇ ಶೂಲ ಎಂಬ ಗಾದೆ ನಮ್ಮದು. ಶೂಲವನ್ನು ಸೆರಗಿನಲ್ಲಿ ಮುಚ್ಚಿಟ್ಟುಕೊಳ್ಳುವ ಬುದ್ಧಿಯೂ ನಮ್ಮದೇ.

ಕೊಂಡವರ ಮುಂದಿನ ಮೂರು ಹಳ್ಳ

ಹೀಗೆ ಮುಚ್ಚಿಟ್ಟ ಅಡಮಾನ ಆಮೇಲೆ ಕೊಂಡವರನ್ನು ಮೂರು ರೀತಿಯಲ್ಲಿ ಹಿಡಿಯುತ್ತದೆ.

ಮೊದಲನೆಯದು, ವಶಕ್ಕೆ ಕೊಟ್ಟ ಬಾಯಿಮಾತಿನ ಭೋಗ್ಯ. ರಿಜಿಸ್ಟರ್ ಆಗಬೇಕಾದ ಪತ್ರ ರಿಜಿಸ್ಟರ್ ಆಗದಿದ್ದರೆ, ನೋಂದಣಿ ಕಾನೂನಿನ 49ನೇ ಕಲಂ ಪ್ರಕಾರ ಅದು ಜಮೀನನ್ನು ಕಟ್ಟಿಹಾಕಲಾರದು. 50ನೇ ಕಲಂ ಪ್ರಕಾರ ಆಮೇಲಿನ ರಿಜಿಸ್ಟರ್ ಕ್ರಯಪತ್ರಕ್ಕೆ ಮೇಲುಗೈ. ಹಾಗಾದರೆ ಕೊಂಡವರು ಗೆದ್ದ ಹಾಗೆ ತಾನೇ? ಅಷ್ಟು ಸುಲಭವಲ್ಲ. ಸ್ವತ್ತು ವರ್ಗಾವಣೆ ಕಾನೂನಿನ 3ನೇ ಕಲಂ ಇನ್ನೊಂದು ಮಾತು ಹೇಳುತ್ತದೆ: ಹೊಲದ ವಶದಲ್ಲಿ ಯಾರಿದ್ದಾರೋ ಅವರಿಗೆ ಏನು ಹಕ್ಕಿದೆಯೋ ಅದು ಕೊಳ್ಳುವವರಿಗೆ ತಿಳಿದಿತ್ತು ಎಂದೇ ಲೆಕ್ಕ. ವಿಜ್ಞಾನೇಶ್ವರರ ಕಾಲದ ನ್ಯಾಯ ಇಲ್ಲಿ ಹೊಸ ವೇಷದಲ್ಲಿ ಬಂದಿದೆ. "ನಾನು ಇ.ಸಿ. ತೆಗೆಸಿದ್ದೆ, ಹೊಲಕ್ಕೆ ಹೋಗಿರಲಿಲ್ಲ" ಅಂದರೆ ಕೋರ್ಟಿನಲ್ಲಿ ನಡೆಯುವುದಿಲ್ಲ. ಭೋಗ್ಯದ ಪತ್ರ ಕಾನೂನಿಗೆ ನಿಲ್ಲದಿದ್ದರೂ ಹೊಲದಲ್ಲಿ ನಿಂತಿರುವ ಮನುಷ್ಯ ನಿಂತೇ ಇರುತ್ತಾನೆ. ಅವನನ್ನು ಬಿಡಿಸಲು ದಾವಾ ಹೂಡಬೇಕು, ವರ್ಷಗಟ್ಟಲೆ ಅಲೆಯಬೇಕು. ಸಾಲ ಕೊಟ್ಟವನಿಗೂ ಸುಖವಿಲ್ಲ. ಜಮೀನಿನ ಮೇಲಿನ ಭದ್ರತೆ ಹೋಗಿ ಅವನು ಬರಿಯ ಕೈಸಾಲದವನಾಗಿಬಿಡುತ್ತಾನೆ.

ಎರಡನೆಯದು, ಮೂಲಪತ್ರ ಒಪ್ಪಿಸಿ ಮಾಡುವ ಅಡಮಾನ. ಇದು ಪೇಟೆಯ ರೀತಿ. ಕಲ್ಕತ್ತಾ, ಮದರಾಸು, ಬೊಂಬಾಯಿ ಪಟ್ಟಣಗಳಲ್ಲಿ, ಮತ್ತೆ ಸರ್ಕಾರ ಗೊತ್ತುಮಾಡಿದ ಬೇರೆ ಊರುಗಳಲ್ಲಿ, ಹಕ್ಕುಪತ್ರಗಳನ್ನು ಸಾಲ ಕೊಟ್ಟವರ ಕೈಗೆ ಒಪ್ಪಿಸಿದರೆ ಸಾಕು, ಅಡಮಾನ ಪೂರ್ಣ. ರಿಜಿಸ್ಟರ್ ಬೇಕಿಲ್ಲ. ಪತ್ರ ಒಪ್ಪಿಸುವ ಊರು ಮುಖ್ಯವೇ ಹೊರತು ಜಮೀನು ಇರುವ ಊರಲ್ಲ. ಹಾಗಾಗಿ ಬೆಂಗಳೂರಿನಲ್ಲಿ ಒಪ್ಪಿಸಿದ ಪತ್ರದಿಂದ ನಂದಿಯ ತಪ್ಪಲಿನ ಜಮೀನು ಅಡಮಾನಕ್ಕೆ ಬೀಳಬಹುದು, ಊರಿನಲ್ಲಿ ಯಾರಿಗೂ ಸುದ್ದಿಯೇ ಇಲ್ಲ. ಒಪ್ಪಿಸಿದ್ದಕ್ಕೆ ಗುರುತಾಗಿ ಬರೆದಿಟ್ಟ ಟಿಪ್ಪಣಿಯೇ ಒಪ್ಪಂದವಲ್ಲದಿದ್ದರೆ ಅದಕ್ಕೂ ನೋಂದಣಿ ಬೇಡ ಎಂದು ಸುಪ್ರೀಂ ಕೋರ್ಟ್ 1950ರಲ್ಲೇ ರಚ್‌ಪಾಲ್ ಮಹಾರಾಜ್ ಮೊಕದ್ದಮೆಯಲ್ಲಿ ಹೇಳಿದೆ. ಇಂಥ ಅಡಮಾನ ಕಾನೂನಿಗೆ ಪೂರ್ತಿ ಊರ್ಜಿತ. ಆಮೇಲೆ ಕೊಂಡವರು ಆ ಸಾಲದ ಭಾರ ಸಮೇತ ಕೊಂಡ ಹಾಗೆಯೇ. ಈಚೆಗೆ ಬ್ಯಾಂಕುಗಳು ಈ ಟಿಪ್ಪಣಿಯನ್ನು ರಿಜಿಸ್ಟರ್ ಮಾಡಿಸುವುದುಂಟು, 2011ರಿಂದ ಬ್ಯಾಂಕ್ ಅಡಮಾನಗಳಿಗೆಂದೇ 'ಸೆರ್ಸಾಯ್' ಎಂಬ ಕೇಂದ್ರ ದಾಖಲೆ ಕಚೇರಿಯೂ ಬಂದಿದೆ. ಖಾಸಗಿ ಸಾಹುಕಾರರ ಪೆಟ್ಟಿಗೆಯೊಳಗಿನ ಪತ್ರಗಳಿಗೆ ಮಾತ್ರ ಅಂಥ ಕಚೇರಿ ಇಲ್ಲ. ಮಾರುವವರು "ಮೂಲಪತ್ರ ಕಳೆದುಹೋಗಿದೆ, ನಕಲು ಕೊಡ್ತೀನಿ" ಅಂದರೆ ಅಲ್ಲಿಗೇ ಕಾಲು ನಿಲ್ಲಿಸಬೇಕು.

ಮೂರನೆಯದು ತಲೆಕೆಳಗಾದದ್ದು. ರಿಜಿಸ್ಟರ್ ಆಗಿರುವುದು ಶುದ್ಧ ಕ್ರಯ. ಬಾಯಿಮಾತು ಮಾತ್ರ ಅಡಮಾನದ್ದು. "ಹಣ ತಂದುಕೊಟ್ಟ ದಿನ ವಾಪಸ್ಸು ಬರೆದುಕೊಡ್ತೀನಿ ಕಣಪ್ಪ" ಅಂತ ಸಾಹುಕಾರರು ಹೇಳಿರುತ್ತಾರೆ. 1929ರ ತಿದ್ದುಪಡಿಯ ತರುವಾಯ ವಾಪಸ್ಸು ಕೊಡುವ ಷರತ್ತು ಅದೇ ಕ್ರಯಪತ್ರದೊಳಗೆ ಇರಬೇಕು. ಬೇರೆ ಕಾಗದದಲ್ಲಿದ್ದರೆ ಅದು ಅಡಮಾನವೆನಿಸುವುದಿಲ್ಲ. ಆ ಸಾಹುಕಾರರು ಹೊಲವನ್ನು ಇನ್ನೊಬ್ಬರಿಗೆ ಮಾರಿದರೆ, ಆ ಮಾತು ಗೊತ್ತಿಲ್ಲದೆ ದುಡ್ಡು ಕೊಟ್ಟು ಕೊಂಡವರು ಬಹುಮಟ್ಟಿಗೆ ಪಾರಾಗುತ್ತಾರೆ. ಹೊಲ ಕಳೆದುಕೊಂಡ ಕುಟುಂಬ ಮಾತ್ರ ಕೊಂಡವರನ್ನು ಶಪಿಸುತ್ತಾ ಉಳಿಯುತ್ತದೆ. ಮೊದಲೆರಡರಲ್ಲಿ ಕೊಂಡವರು ಅಳಬೇಕು, ಇದರಲ್ಲಿ ಹೊಲದ ಒಡೆಯರು ಅಳಬೇಕು. ಕಾರಣ ಒಂದೇ: ಆಡಿದ್ದು ಬರಹಕ್ಕೆ ಬರಲಿಲ್ಲ.

1974: ಫಾರಂ 7ರ ಕಾಲ

ದಾಖಲಾಗದ ಭೋಗ್ಯದ ಬೆಲೆ ಕರ್ನಾಟಕಕ್ಕೆಲ್ಲ ಒಟ್ಟಿಗೆ ತಿಳಿದದ್ದು ಡಿ. ದೇವರಾಜ ಅರಸು ಅವರ ಭೂಸುಧಾರಣೆಯ ಕಾಲದಲ್ಲಿ. 1974ರ ಮಾರ್ಚ್ 1ರಂದು ತಿದ್ದುಪಡಿ ಜಾರಿಗೆ ಬಂದು, ಗೇಣಿದಾರರ ಕೈಯಲ್ಲಿದ್ದ ಜಮೀನೆಲ್ಲ ಸರ್ಕಾರಕ್ಕೆ ಸೇರಿತು. ಗೇಣಿದಾರರು ಫಾರಂ 7 ತುಂಬಿ ಭೂನ್ಯಾಯ ಮಂಡಳಿಗೆ ಅರ್ಜಿ ಕೊಟ್ಟರೆ ಜಮೀನು ಅವರ ಹೆಸರಿಗೆ. ಅರ್ಜಿಗೆ ಕಡೇ ದಿನ 1979ರ ಜೂನ್ 30. ಉಳುವವನೇ ಹೊಲದೊಡೆಯ ಎಂಬ ಮಾತು ಸಾವಿರಾರು ಬಡ ಕುಟುಂಬಗಳಿಗೆ ನಿಜವಾಯಿತು.

ಆದರೆ ಅದೇ ಕಾನೂನಿನ 4ನೇ ಕಲಂ ಒಂದು ವ್ಯತ್ಯಾಸ ಮಾಡಿತ್ತು. ಬೇರೆಯವರ ಜಮೀನನ್ನು ಕಾನೂನುಬದ್ಧವಾಗಿ ಉಳುವವರು ಗೇಣಿದಾರರು. ಭೋಗ್ಯಕ್ಕೆ ಹಿಡಿದು ಉಳುವವರು ಗೇಣಿದಾರರಲ್ಲ. ಹಾಗಾದರೆ ಹೊಲದಲ್ಲಿ ಇರುವವರು ಗೇಣಿಗೆ ಬಂದವರೋ ಭೋಗ್ಯಕ್ಕೆ ಬಂದವರೋ? ಕಾಗದ ಇದ್ದ ಕಡೆ ಒಂದೇ ದಿನಕ್ಕೆ ತೀರ್ಮಾನವಾಗಬಹುದಾದ ಪ್ರಶ್ನೆ ಇದು. ಕಾಗದ ಇಲ್ಲದ ಕಡೆ ಎರಡೂ ಕಡೆಗೆ ಸುಳ್ಳು ಹೇಳಲು ಬಾಗಿಲು ತೆರೆಯಿತು. ಭೋಗ್ಯದವರು "ನಾನು ಗೇಣಿದಾರ" ಎನ್ನಬಹುದು. ನಿಜವಾದ ಗೇಣಿದಾರರನ್ನು ಒಡೆಯರು "ಇವನು ಭೋಗ್ಯದವನು" ಎಂದು ತಳ್ಳಬಹುದು. ಇವರಿಬ್ಬರ ನಡುವೆ, ಒಳಗೊಬ್ಬರು ಭೋಗ್ಯಕ್ಕಿದ್ದ ಹೊಲವನ್ನು 1974ಕ್ಕೆ ಮುಂಚೆ ಕೊಂಡವರ ಪಾಡು ನೋಡಿ. "ಸಾಲ ತೀರಿಸಿ ಬಿಡಿಸಿಕೊಂಡರಾಯಿತು" ಅಂತ ನಂಬಿ ಕೊಂಡಿದ್ದರು. ಮಂಡಳಿಯ ಮುಂದೆ ಅದು ಭೋಗ್ಯವೆಂದು ತೋರಿಸುವ ಹೊಣೆ ಬಂದಾಗ ಅವರ ಕೈಯಲ್ಲಿ ಒಂದು ಚೀಟಿಯೂ ಇಲ್ಲ.

ಇದೇ ಕಾಲದಲ್ಲಿ ಇನ್ನೆರಡು ಕಾನೂನು ಬಂದವು. 1976ರ ಋಣ ಪರಿಹಾರ ಕಾನೂನು ಸಣ್ಣ ರೈತರ, ಭೂಹೀನ ಕೂಲಿಯವರ, ದುರ್ಬಲ ವರ್ಗದವರ ಖಾಸಗಿ ಸಾಲವನ್ನು ತೀರಿದ್ದೆಂದು ಮಾಡಿ, ಅಡವಿನ ಸ್ವತ್ತನ್ನು ಬಿಡಿಸಿಕೊಟ್ಟಿತು. ಇಲ್ಲೂ ಅದೇ ತೊಡಕು: ಅಡವೇ ಅಲ್ಲ, ಕೊಂಡದ್ದು ಅಂತ ಸಾಹುಕಾರರು ವಾದಿಸಿದರೆ ಬಡವನ ಬಳಿ ಏನಿದೆ? 1979ರ ಜನವರಿ 1ರಿಂದ ಜಾರಿಗೆ ಬಂದ ಪರಿಶಿಷ್ಟರ ಜಮೀನು ಪರಭಾರೆ ನಿಷೇಧ ಕಾನೂನು ಇನ್ನೂ ಗಟ್ಟಿ. ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಸರ್ಕಾರ ಕೊಟ್ಟ ಜಮೀನನ್ನು ಮಂಜೂರಿಯ ಷರತ್ತು ಮೀರಿ ಮಾರಿದರೂ, ಅಡಮಾನ ಮಾಡಿದರೂ ಅದು ಊರ್ಜಿತವಲ್ಲ. ತಿಳಿಯದೆ ಕೊಂಡೆ ಎಂಬ ಮಾತಿಗೆ ಅಲ್ಲಿ ರಕ್ಷಣೆ ಇಲ್ಲ. ಸುಪ್ರೀಂ ಕೋರ್ಟ್ 1984ರಲ್ಲಿ ಮಂಚೇಗೌಡ ಮೊಕದ್ದಮೆಯಲ್ಲಿ ಈ ಕಾನೂನನ್ನು ಎತ್ತಿಹಿಡಿಯಿತು. ಬಡವರ ಹೊಲ ಮೂರು ಕಾಸಿಗೆ ಹೋಗದಿರಲಿ ಎಂಬ ಉದ್ದೇಶ ಒಳ್ಳೆಯದೇ. ಕೊಳ್ಳುವವರು ಸಾಗುವಳಿ ಚೀಟಿ ನೋಡದೆ ಕೊಳ್ಳಬಾರದು, ಅಷ್ಟೇ.

ಸಹಕಾರ ಎಲ್ಲಿ ಬಂತು?

ಓದುಗರು ಕೇಳಬಹುದು, ಇದೆಲ್ಲ ಕೋರ್ಟು ಕಚೇರಿಯ ಮಾತು, ಸಹಕಾರ ಸಂಘಕ್ಕೇನು ಸಂಬಂಧ? ಸಂಬಂಧ ಬೇರಿನದು.

1875ರಲ್ಲಿ ಪುಣೆ, ಅಹಮದ್‌ನಗರದ ರೈತರು ಸಾಹುಕಾರರ ಮನೆಗೆ ನುಗ್ಗಿ ಸುಟ್ಟದ್ದು ಸಾಲಪತ್ರಗಳನ್ನು. ಕಾಗದ ಬರೀ ಒಂದು ಕಡೆಯವರ ಪೆಟ್ಟಿಗೆಯಲ್ಲಿದ್ದರೆ ಏನಾಗುತ್ತದೆಂಬುದಕ್ಕೆ ಆ ಬೆಂಕಿಯೇ ಸಾಕ್ಷಿ. ಅದರ ಫಲವಾಗಿ ಬಂದ 1879ರ ದಖ್ಖನ್ ಕೃಷಿಕರ ಪರಿಹಾರ ಕಾನೂನು, ರೈತರ ಸಾಲಪತ್ರಗಳು ಹಳ್ಳಿಯ ರಿಜಿಸ್ಟ್ರಾರರ ಮುಂದೆ ಆಗಬೇಕೆಂದು ವಿಧಿಸಿತು. ನಮ್ಮ ಮೈಸೂರು ಸಂಸ್ಥಾನದಲ್ಲಿ ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ, 1894ರಲ್ಲಿ, ಕೃಷಿ ಬ್ಯಾಂಕುಗಳ ಪ್ರಯತ್ನ ನಡೆಯಿತು, ಅದು ಫಲಿಸಲಿಲ್ಲ. ಮದರಾಸಿನ ಫ್ರೆಡರಿಕ್ ನಿಕೋಲ್ಸನ್ ಯೂರೋಪಿನ ಹಳ್ಳಿ ಬ್ಯಾಂಕುಗಳನ್ನು ನೋಡಿಬಂದು ವರದಿ ಕೊಟ್ಟರು. 1904ರಲ್ಲಿ ಸಹಕಾರ ಕಾನೂನು ಬಂತು. 1905ರಲ್ಲಿ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಂಘ ಕಟ್ಟಿದರು. ಅದೇ ವರ್ಷ ಮೈಸೂರು ಸಂಸ್ಥಾನವೂ ತನ್ನ ಸಹಕಾರ ಶಾಸನ ಮಾಡಿತು. 1929ರಲ್ಲಿ ಬೆಂಗಳೂರಿನಲ್ಲಿ ಸಹಕಾರಿ ಕೇಂದ್ರ ಭೂ ಅಡಮಾನ ಬ್ಯಾಂಕು ಹುಟ್ಟಿತು. ಹಳೇ ಸಾಲ ತೀರಿಸಿ ಅಡವಿನ ಜಮೀನು ಬಿಡಿಸಿಕೊಡುವುದು ಇಂಥ ಬ್ಯಾಂಕುಗಳ ಮೊದಲ ಕೆಲಸಗಳಲ್ಲೊಂದಾಗಿತ್ತು.

ಆದರೂ ದಾರಿ ದೂರವಿತ್ತು. ಗೋರವಾಲಾ ಸಮಿತಿಯ 1954ರ ಗ್ರಾಮೀಣ ಸಾಲ ವರದಿ ಪ್ರಕಾರ, 1951-52ರಲ್ಲಿ ರೈತರು ಪಡೆದ ಸಾಲದಲ್ಲಿ ಸಹಕಾರದ ಪಾಲು ಸುಮಾರು 3%, ಲೇವಾದೇವಿಯವರ ಪಾಲು 70%ರ ಹತ್ತಿರ.

ಸಹಕಾರ ಸಂಘ ತಂದದ್ದು ಕಡಿಮೆ ಬಡ್ಡಿ ಅಂತ ಎಲ್ಲರೂ ಹೇಳುತ್ತಾರೆ. ನನ್ನ ದೃಷ್ಟಿಯಲ್ಲಿ ಅಷ್ಟೇ ದೊಡ್ಡ ಇನ್ನೊಂದು ಉಪಕಾರವಿದೆ. ಸಂಘ ಸಾಲವನ್ನು ಬೆಳಕಿಗೆ ತಂದಿತು. ಸಂಘದ ಸಾಲಕ್ಕೆ ಸದಸ್ಯರು ಘೋಷಣಾ ಪತ್ರ ಕೊಟ್ಟು ಜಮೀನಿನ ಮೇಲೆ ಭಾರ ಒಪ್ಪುತ್ತಾರೆ; ಅದು ಪಹಣಿಯ 11ನೇ ಕಲಂನಲ್ಲಿ ಏರುತ್ತದೆ; ಊರವರೆಲ್ಲ ಕಾಣಬಹುದು. ಸಂಘದಲ್ಲಿ ಸಾಲ ಮಾಡುವುದು ಅವಮಾನವಲ್ಲ ಎಂದಾದ ಮೇಲೆ ಅದನ್ನು ಮುಚ್ಚಿಡುವ ಕಾರಣವೇ ಹೋಯಿತು. ಆ ಒಂದು ಸಾಲಿನ ನಮೂದು ನಾಳೆ ಕೊಳ್ಳುವ ಅಪರಿಚಿತರನ್ನೂ ಕಾಪಾಡುತ್ತದೆ.

ಹಾಗೆಂದ ಮೇಲೆ ಸಂಘದ ಹೊಣೆಯೂ ದೊಡ್ಡದು. ಸಾಲ ಕೊಟ್ಟ ಕೂಡಲೇ ನಮೂದು ಏರಬೇಕು. ಸಾಲ ತೀರಿದ ಕೂಡಲೇ ಋಣಮುಕ್ತ ಪತ್ರ ಕೊಟ್ಟು ನಮೂದು ಇಳಿಸಬೇಕು. ಏರದಿದ್ದರೆ ಕೊಂಡವರಿಗೆ ಮೋಸ, ಸಂಘಕ್ಕೆ ನಷ್ಟ. ಇಳಿಯದಿದ್ದರೆ ಸದಸ್ಯರ ಹೊಲಕ್ಕೆ ಗಿರಾಕಿಯೇ ಬಾರದು.

ಇಂದಿನ ಹೊಸ ಗಿರಾಕಿ

1964ರ ಭೂಕಂದಾಯ ಕಾನೂನಿನ 128ನೇ ಕಲಂ, ಜಮೀನಿನಲ್ಲಿ ಅಡಮಾನದ ಹಕ್ಕು ಪಡೆದವರೂ ಮೂರು ತಿಂಗಳೊಳಗೆ ವರದಿ ಕೊಡಬೇಕೆನ್ನುತ್ತದೆ. ಊರಿನ ಲೆಕ್ಕವನ್ನು ತಲೆಯಲ್ಲೇ ಇಟ್ಟುಕೊಂಡಿದ್ದ ಶಾನುಭೋಗರ ವಂಶಪಾರಂಪರ್ಯ ಹುದ್ದೆ 1963ರ ಫೆಬ್ರವರಿಯಲ್ಲೇ ರದ್ದಾಗಿತ್ತು. ಈ ಶತಮಾನದ ಆರಂಭದಲ್ಲಿ 'ಭೂಮಿ' ಯೋಜನೆಯಿಂದ ಪಹಣಿ ಕಂಪ್ಯೂಟರಿಗೆ ಬಂತು. 2004ರ ಏಪ್ರಿಲ್ ನಂತರದ ಋಣಭಾರ ಪತ್ರವೂ ಕಂಪ್ಯೂಟರಿನಲ್ಲೇ ಸಿಗುತ್ತದೆ. ಎಲ್ಲವೂ ಸಂತೋಷದ ಸಂಗತಿಯೇ. ಆದರೆ ಕಂಪ್ಯೂಟರು ತನಗೆ ಹೇಳಿದ್ದನ್ನು ಮಾತ್ರ ಹೇಳುತ್ತದೆ. ಹೇಳದೆ ಬಿಟ್ಟದ್ದನ್ನು ಅದು ಹೇಗೆ ಹೇಳೀತು?

ಅತ್ತ ಕೊಳ್ಳುವವರು ಬದಲಾಗಿದ್ದಾರೆ. 2007ರಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯಾಯಿತು. 2008ರಲ್ಲಿ ದೇವನಹಳ್ಳಿಯಲ್ಲಿ ವಿಮಾನ ನಿಲ್ದಾಣ ತೆರೆಯಿತು. 2020ರ ತಿದ್ದುಪಡಿಯಿಂದ ಬೇಸಾಯಗಾರರಲ್ಲದವರೂ ಬೇಸಾಯದ ಜಮೀನು ಕೊಳ್ಳಬಹುದಾಯಿತು. ರಾಗಿ, ದ್ರಾಕ್ಷಿ, ಹಿಪ್ಪುನೇರಳೆ ಬೆಳೆಯುತ್ತಿದ್ದ ಹೊಲಗಳನ್ನು ನೋಡಲು ಕಾರುಗಳು ಬರುತ್ತಿವೆ. ಯಾರ ಹೊಲದಲ್ಲಿ ಯಾರ ಎತ್ತು ಅಂತ ಈ ಗಿರಾಕಿಗೆ ಗೊತ್ತಿಲ್ಲ. ಊರಿನ ಬಾಯಿಗೆ ತಿಳಿದಿದ್ದ ಗುಟ್ಟು ಈಗ ನಿಜವಾದ ಗುಟ್ಟಾಗಿದೆ.

ಆದ್ದರಿಂದ ಕೊಳ್ಳುವವರಿಗೆ ಕೆಲವು ಮಾತು. ಕನಿಷ್ಠ 30 ವರ್ಷದ ಇ.ಸಿ. ತೆಗೆಸಿ, ಅಡಮಾನ ಬಿಡಿಸಿಕೊಳ್ಳುವ ದಾವೆಗೆ 1963ರ ಕಾಲಪರಿಮಿತಿ ಕಾನೂನು ಇಟ್ಟಿರುವ ವಾಯಿದೆ 30 ವರ್ಷ. ಅಷ್ಟಕ್ಕೇ ನಿಶ್ಚಿಂತರಾಗಬೇಡಿ. ಸ್ವಾಧೀನ ಭೋಗ್ಯದಲ್ಲಿ 30 ವರ್ಷ ಕಳೆದ ಮಾತ್ರಕ್ಕೆ ಒಡೆಯರ ಹಕ್ಕು ಹೋಗುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2014ರಲ್ಲಿ ಸಿಂಗ್ ರಾಮ್ ಮೊಕದ್ದಮೆಯಲ್ಲಿ ಹೇಳಿದೆ. ಪಹಣಿಯಲ್ಲಿ 9ನೇ ಕಲಂ ಮಾತ್ರವಲ್ಲ, 11 ಮತ್ತು 12ನೆಯದನ್ನೂ ಓದಿ. ಮೂಲಪತ್ರ ಕಣ್ಣಾರೆ ನೋಡಿ. ಊರ ಸಹಕಾರ ಸಂಘಕ್ಕೆ ಬಂದು ಬಾಕಿ ವಿಚಾರಿಸಿ. ಕಡೆಗೆ, ಹೊಲದಲ್ಲಿ ಕೆಲಸ ಮಾಡುತ್ತಿರುವವರನ್ನೂ ನಾಲ್ಕು ದಿಕ್ಕಿನ ಚಕ್ಕುಬಂದಿದಾರರನ್ನೂ "ಅಣ್ಣಾ, ಇದನ್ನ ಯಾರು ಮಾಡ್ತಿದಾರೆ, ಯಾವ ಲೆಕ್ಕದಲ್ಲಿ?" ಅಂತ ಕೇಳಿ. ಆ ಒಂದು ಪ್ರಶ್ನೆಗೆ ಸ್ಟಾಂಪಿನ ಖರ್ಚಿಲ್ಲ.

ಸಾಲ ಮಾಡುವ ನಮ್ಮ ರೈತ ಬಂಧುಗಳಿಗೂ ಒಂದು ಮಾತು. ಭೋಗ್ಯ ಹಾಕುವುದು ಪಾಪವಲ್ಲ. ಹಾಕಿದರೆ ರಿಜಿಸ್ಟರ್ ಮಾಡಿಸಿ. ತೀರಿಸಿದರೆ ತೀರುವಳಿಯನ್ನೂ ರಿಜಿಸ್ಟರ್ ಮಾಡಿಸಿ ಮೂಲಪತ್ರ ವಾಪಸ್ಸು ಪಡೆಯಿರಿ. ವಾಪಸ್ಸು ಕೊಡುವ ಮಾತಿದ್ದರೆ ಕ್ರಯಪತ್ರಕ್ಕೆ ರುಜು ಹಾಕಬೇಡಿ, ಅಡಮಾನ ಪತ್ರವನ್ನೇ ಬರೆಸಿ. ಮಾತು ಕೊಟ್ಟವರು ಒಳ್ಳೆಯವರೇ ಇರಬಹುದು. ಅವರ ಮಕ್ಕಳಿಗೆ ಆ ಮಾತು ತಿಳಿದಿರಬೇಕಲ್ಲ.

ಹೊಲ ನಮಗಿಂತ ಹೆಚ್ಚು ಕಾಲ ಬಾಳುತ್ತದೆ. ಅದರ ಮೇಲಿನ ಸಾಲವೂ ನಮ್ಮ ನೆನಪಿಗಿಂತ ಹೆಚ್ಚು ಕಾಲ ಉಳಿಯಬಲ್ಲದು. ನಮ್ಮ ಸಂಘದ ಲೆಕ್ಕದ ಪುಸ್ತಕ ಇಪ್ಪತ್ತೈದು ವರ್ಷ ತೆರೆದೇ ಇದೆ, ಯಾವ ಸದಸ್ಯರು ಬೇಕಾದರೂ ಬಂದು ನೋಡಬಹುದು. ಆ ಪುಸ್ತಕ ಹಾಗೆಯೇ ತೆರೆದಿರಲಿ, ಸಂಘ ಸುವರ್ಣ ಮಹೋತ್ಸವವನ್ನೂ ಕಾಣಲಿ ಎಂದು ಹಾರೈಸುತ್ತೇನೆ.